ಸೂರಿನ ಮೇಲಿನ ಪೆಟ್ಟಿಗೆ: ಲಂಡನ್ನಿನ ತಂಪಿನ ಚರಿತ್ರೆ

2022ರ ಜುಲೈ 19, ಮಂಗಳವಾರ. ಹೀಥ್ರೋದಲ್ಲಿ ಉಷ್ಣಾಂಶ 40.2 ಡಿಗ್ರಿಗೆ ಏರಿತು. ಲಿಂಕನ್‌ಶೈರಿನ ಕೋನಿಂಗ್ಸ್‌ಬಿಯಲ್ಲಿ 40.3. ಈ ದೇಶದ ಹವಾಮಾನ ದಾಖಲೆಗಳಲ್ಲಿ 40ರ ಗಡಿ ದಾಟಿದ್ದು ಅದೇ ಮೊದಲು. ರಾಯಚೂರು, ಕಲಬುರಗಿಯ ಬಂಧುಗಳು ದೂರವಾಣಿಯಲ್ಲಿ ನಕ್ಕರು: "ಇಷ್ಟು ಬಿಸಿಲಿಗೇ ಇಷ್ಟೊಂದು ಗದ್ದಲವೇ?" ನಗು ಸಹಜವೇ. ಆದರೆ ಅಲ್ಲಿನ ಹಳೆಯ ಮನೆಗಳನ್ನು ಕಟ್ಟಿದ್ದು ಬಿಸಿಲನ್ನು ಹೊರಗಿಡುವುದಕ್ಕೆ, ಇಲ್ಲಿನವನ್ನು ಕಟ್ಟಿದ್ದು ಬೆಚ್ಚನೆಯನ್ನು ಒಳಗೆ ಹಿಡಿದಿಡುವುದಕ್ಕೆ. ಆ ಬೇಸಿಗೆಯ ಬಿಸಿಗಾಳಿಯ ದಿನಗಳಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 3,000 ಮಂದಿ ವಾಡಿಕೆಗಿಂತ ಹೆಚ್ಚಾಗಿ ಮೃತರಾದರೆಂದು ಸರ್ಕಾರದ ಆರೋಗ್ಯ ಭದ್ರತಾ ಸಂಸ್ಥೆ ಅಂದಾಜಿಸಿತು. ಅವರಲ್ಲಿ ಬಹುಪಾಲು ಹಿರಿಯರು.

ಅದೇ ದಿನ ಥೇಮ್ಸ್ ನದಿಯ ದಕ್ಷಿಣಕ್ಕಿರುವ ಗೈಸ್ ಮತ್ತು ಸೇಂಟ್ ಥಾಮಸ್ ಆಸ್ಪತ್ರೆಗಳ ಎರಡು ಡೇಟಾ ಕೇಂದ್ರಗಳೂ ನಿಂತುಹೋದವು. ಕಂಪ್ಯೂಟರುಗಳನ್ನು ತಣ್ಣಗಿಡುವ ವ್ಯವಸ್ಥೆ ಆ ಬಿಸಿಲಿಗೆ ಸೋತಿತ್ತು. ವೈದ್ಯರು, ದಾದಿಯರು ಕಾಗದ ಮತ್ತು ಲೇಖನಿಗೆ ಮರಳಿದರು. ಶಸ್ತ್ರಚಿಕಿತ್ಸೆಗಳು ಮುಂದೆ ಹೋದವು. ಎಲ್ಲವೂ ಸರಿಹೋಗಲು ವಾರಗಳೇ ಹಿಡಿದವು. ಗೂಗಲ್ ಮತ್ತು ಒರಾಕಲ್ ಕಂಪನಿಗಳ ಲಂಡನ್ ಕೇಂದ್ರಗಳಿಗೂ ಅಂದು ಇದೇ ಗತಿಯಾಯಿತು. ನಾವು ಆ ದಿನ ಬೇರೆಡೆ ಕರ್ತವ್ಯದಲ್ಲಿದ್ದೆವು. ಆದರೂ ಸುದ್ದಿ ಕೇಳಿದಾಗ ಎದೆ ಝಲ್ಲೆಂದಿತು. ಎದುರಿಗಿರುವ ರೋಗಿಗೆ ಯಾವ ಔಷಧ ಒಗ್ಗದು, ನಿನ್ನೆಯ ರಕ್ತಪರೀಕ್ಷೆ ಏನು ಹೇಳಿತು ಎಂಬುದು ತಿಳಿಯದೆ ಔಷಧ ಬರೆಯುವುದೆಂದರೆ ಏನೆಂಬುದು ವೈದ್ಯರಿಗೆ ಗೊತ್ತು.

ಹಾಗೆ ಸೋತ ಯಂತ್ರದ ಮೂಲ ಇದೇ ಊರಿನದು. 1834ರ ಆಗಸ್ಟ್ 14ರಂದು ಜೇಕಬ್ ಪರ್ಕಿನ್ಸ್ ಎಂಬಾತ ಲಂಡನ್ನಿನಲ್ಲಿ ತಂಪುಯಂತ್ರವೊಂದಕ್ಕೆ ಪೇಟೆಂಟ್ ಪಡೆದ. ಈತ ಅಮೆರಿಕದ ಮ್ಯಾಸಚೂಸೆಟ್ಸಿನವನು. ನಕಲು ಮಾಡಲಾಗದ ನೋಟುಗಳನ್ನು ಮುದ್ರಿಸುವ ಉಕ್ಕಿನ ಅಚ್ಚುಗಳೊಂದಿಗೆ 1819ರಲ್ಲಿ ಇಲ್ಲಿಗೆ ಬಂದಿದ್ದ. 1840ರಲ್ಲಿ ಹೊರಬಂದ ಜಗತ್ತಿನ ಮೊದಲ ಅಂಚೆಚೀಟಿ, ಪೆನ್ನಿ ಬ್ಲ್ಯಾಕ್, ಮುದ್ರಣವಾದದ್ದು ಅವನ ಹೆಸರಿನ ಸಂಸ್ಥೆಯಲ್ಲೇ. ತಂಪುಯಂತ್ರದ ತತ್ತ್ವ ಸರಳ. ಈಥರಿನ ಆವಿಯನ್ನು ಪಂಪಿನಿಂದ ಒತ್ತಿ, ತಣಿಸಿ ದ್ರವವಾಗಿಸಿ, ಕಿರಿದಾದ ಕವಾಟದ ಮೂಲಕ ಹಿಗ್ಗಲು ಬಿಟ್ಟರೆ, ಅದು ಸುತ್ತಲಿನ ಶಾಖವನ್ನು ಹೀರಿ ಮತ್ತೆ ಆವಿಯಾಗುತ್ತದೆ. ನಮ್ಮೂರಿನ ಮಣ್ಣಿನ ಹೂಜಿಯ ಮೈ ಬೆವರಿ ನೀರು ತಣ್ಣಗಾಗುವುದೂ ಇದೇ ಗುಣದಿಂದ. ಹೂಜಿಯ ಆವಿ ಗಾಳಿಯಲ್ಲಿ ಕಳೆದುಹೋಗುತ್ತದೆ. ಪರ್ಕಿನ್ಸ್ ಅದನ್ನು ಹಿಡಿದು ಮರಳಿ ಮರಳಿ ದುಡಿಸಿದ. ಇಂದು ನಿಮ್ಮ ಮನೆಯ ಹಿತ್ತಲಿನಲ್ಲಿ ಗುಂಯ್‌ಗುಡುವ ಪೆಟ್ಟಿಗೆ ಮಾಡುವುದೂ ಇಷ್ಟೇ.

ಆ ಯಂತ್ರಕ್ಕೆ ಕೊಳ್ಳುವವರು ದೊರೆಯಲಿಲ್ಲ. ನೈಸರ್ಗಿಕ ಮಂಜುಗಡ್ಡೆ ಅಗ್ಗವಾಗಿತ್ತು. ನಾರ್ವೆಯ ಸರೋವರಗಳ ಮಂಜುಗಡ್ಡೆ ಹಡಗಿನಲ್ಲಿ ಥೇಮ್ಸ್‌ಗೆ ಬಂದು, ಅಲ್ಲಿಂದ ದೋಣಿಗಳಲ್ಲಿ ರೀಜೆಂಟ್ಸ್ ಕಾಲುವೆಯ ಮೂಲಕ ಕಿಂಗ್ಸ್ ಕ್ರಾಸ್ ಸೇರುತ್ತಿತ್ತು. ಕಾರ್ಲೊ ಗಾಟಿ ಎಂಬ ವ್ಯಾಪಾರಿ ಅಲ್ಲಿ ತೋಡಿಸಿದ ಮಂಜಿನ ಬಾವಿಗಳನ್ನು ಲಂಡನ್ ಕಾಲುವೆ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಕಾಣಬಹುದು. ಮಕ್ಕಳನ್ನು ಕರೆದೊಯ್ಯಿರಿ. ಅದೇ ಶತಮಾನದಲ್ಲಿ ಬಾಸ್ಟನ್ನಿನ ಮಂಜುಗಡ್ಡೆ ಮದರಾಸಿನವರೆಗೂ ಸಾಗುತ್ತಿತ್ತು. ಅದನ್ನು ಕೂಡಿಟ್ಟ ಐಸ್ ಹೌಸ್ ಇಂದು ವಿವೇಕಾನಂದರ ಸ್ಮಾರಕ.

ಪರ್ಕಿನ್ಸನ ಪೇಟೆಂಟ್ ಆಗಿ ಎರಡು ತಿಂಗಳಾಗಿತ್ತಷ್ಟೆ. ಅಕ್ಟೋಬರ್ 16ರಂದು ವೆಸ್ಟ್‌ಮಿನ್‌ಸ್ಟರಿನ ಹಳೆಯ ಸಂಸತ್ ಭವನ ಬೆಂಕಿಗೆ ಆಹುತಿಯಾಯಿತು. ಕಾಮನ್ಸ್ ಸಭೆಗೆ ಒದಗಿಸಿದ ತಾತ್ಕಾಲಿಕ ಭವನದ ಗಾಳಿಯ ಹೊಣೆ ಬಿದ್ದದ್ದು ಡೇವಿಡ್ ಬಾಸ್ವೆಲ್ ರೀಡ್ ಎಂಬ ಎಡಿನ್‌ಬರೋದ ವೈದ್ಯನಿಗೆ. ನಮ್ಮ ವೃತ್ತಿಯವನೆಂಬ ಕಾರಣಕ್ಕೆ ನಮಗೆ ಈತನ ಮೇಲೆ ಕೊಂಚ ಪಕ್ಷಪಾತವುಂಟು. ಹೊಗೆ ತುಂಬಿದ ಲಂಡನ್ನಿನ ಗಾಳಿಯನ್ನು ಬಟ್ಟೆಯ ಪರದೆಯಲ್ಲಿ ಸೋಸಿ, ಋತುವಿಗೆ ತಕ್ಕಂತೆ ಬಿಸಿಯನ್ನೋ ತಂಪನ್ನೋ ಮಾಡಿ, ನೆಲದ ಸಾವಿರಾರು ಸಣ್ಣ ರಂಧ್ರಗಳಿಂದ ಮೇಲಕ್ಕೆ ಬಿಡುತ್ತಿದ್ದ; ಬಳಸಿದ ಗಾಳಿಯನ್ನು ಚಾವಣಿಯಿಂದ ಸೆಳೆದುಕೊಳ್ಳಲು ದೊಡ್ಡ ಚಿಮಣಿಯ ಬುಡದಲ್ಲಿ ಬೆಂಕಿ ಹೊತ್ತಿಸಿದ್ದ. ಒಬ್ಬ ಸದಸ್ಯನಿಗೆ ಸೆಕೆ, ಪಕ್ಕದವನಿಗೆ ಚಳಿ. ಹೊಸ ಅರಮನೆ ಕಟ್ಟುವಾಗ ವಾಸ್ತುಶಿಲ್ಪಿ ಚಾರ್ಲ್ಸ್ ಬ್ಯಾರಿಯೊಂದಿಗೆ ಅವನ ಜಗಳ ವರ್ಷಗಟ್ಟಲೆ ನಡೆದು, 1852ರಲ್ಲಿ ಕೆಲಸವೇ ಹೋಯಿತು. ನಮ್ಮ ಯುಗಾದಿ ಕೂಟಗಳಲ್ಲಿ ಕಿಟಕಿ ತೆರೆಯಬೇಕೋ ಮುಚ್ಚಬೇಕೋ ಎಂದು ನಡೆಯುವ ವಾದ ಕೇಳಿದವರಿಗೆ ರೀಡನ ಕಷ್ಟ ಅರ್ಥವಾದೀತು.

ಮುಂದೆ 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಮುದ್ರಣಾಲಯವೊಂದರ ತೇವವನ್ನು ಹತೋಟಿಗೆ ತರಲು ವಿಲ್ಲಿಸ್ ಕ್ಯಾರಿಯರ್ ಆಧುನಿಕ ಹವಾನಿಯಂತ್ರಣವನ್ನು ರೂಪಿಸಿದ್ದು ಎಲ್ಲರೂ ಬಲ್ಲ ಸಂಗತಿ. ಬಳಿಕ ದೊಡ್ಡ ಕಟ್ಟಡಗಳ ಸೂರಿನ ಮೇಲೆ ನೀರು ಸಿಂಪಡಿಸಿ ಶಾಖ ಕಳೆಯುವ ತಂಪುಗೋಪುರಗಳು ಎದ್ದವು. ಅವುಗಳ ನಿಗಾ ತಪ್ಪಿದರೆ ಏನಾಗುವುದೆಂಬುದು 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ತಂಗಿದ್ದ ಮಾಜಿ ಸೈನಿಕರು ನ್ಯುಮೋನಿಯಾಕ್ಕೆ ಬಲಿಯಾದ ಮೇಲೆ ಜಗತ್ತಿಗೆ ತಿಳಿಯತೊಡಗಿತು. ಆ ರೋಗಾಣುವಿಗೆ ಲೀಜನೆಲ್ಲಾ ಎಂದು ಹೆಸರಾಯಿತು. ಬೆಚ್ಚನೆಯ ನಿಂತ ನೀರು ಅದರ ತವರು; ನೀರಿನ ಸೂಕ್ಷ್ಮ ತುಂತುರೇ ವಾಹನ. ಇಂಗ್ಲೆಂಡಿನಲ್ಲಿ 1985ರಲ್ಲಿ ಸ್ಟಾಫರ್ಡಿನ ಆಸ್ಪತ್ರೆಯೊಂದರ ತಂಪುಗೋಪುರದಿಂದಲೇ ಅದು ಹಬ್ಬಿ 28 ಮಂದಿ ಮೃತಪಟ್ಟರು. ಗುಣವಾಗಲೆಂದು ಬಂದ ಜಾಗದಲ್ಲಿ! ಮೂರು ವರ್ಷಗಳ ನಂತರ ಲಂಡನ್ನಿನ ನಡುವೆಯೇ, ಬಿಬಿಸಿಯ ಬ್ರಾಡ್‌ಕಾಸ್ಟಿಂಗ್ ಹೌಸಿನಿಂದ ಹರಡಿ ಮೂವರನ್ನು ಬಲಿ ತೆಗೆದುಕೊಂಡಿತು. 1992ರಿಂದ ಇಂಥ ಗೋಪುರಗಳ ವಿವರವನ್ನು ಸ್ಥಳೀಯ ಆಡಳಿತಕ್ಕೆ ತಿಳಿಸುವುದು ಕಡ್ಡಾಯ.

ಇದನ್ನೋದಿ ಮನೆಯ ಏಸಿಗೆ ಹೆದರಬೇಕಿಲ್ಲ. ಮನೆಗಳಿಗೂ ಸಣ್ಣ ಸಭಾಂಗಣಗಳಿಗೂ ಬರುವ ಪೆಟ್ಟಿಗೆಗಳು ಶಾಖವನ್ನು ಫ್ಯಾನಿನ ಗಾಳಿಯಿಂದ ಕಳೆಯುತ್ತವೆ, ಅಲ್ಲಿ ತುಂತುರಿಲ್ಲ. ಸಭಾಂಗಣದ ಸಪಾಟು ಸೂರಿನ ಮೇಲೆ ಸಾಮಾನ್ಯವಾಗಿ ಕಾಣುವುದು ಪ್ಯಾಕೇಜ್ಡ್ ಘಟಕ: ಕಂಪ್ರೆಸರ್, ಬಿಸಿ ಮತ್ತು ತಣ್ಣನೆಯ ಕಾಯಿಲ್‌ಗಳು, ಫ್ಯಾನುಗಳು ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ. ತಂಪುಕಾರಕವನ್ನು ಕಾರ್ಖಾನೆಯಲ್ಲೇ ತುಂಬಿರುತ್ತಾರೆ. ಸ್ಥಳದಲ್ಲಿ ಜೋಡಿಸಬೇಕಾದದ್ದು ಗಾಳಿಯ ಡಕ್ಟ್, ವಿದ್ಯುತ್ತು ಮತ್ತು ನೀರು ಹೊರಹೋಗುವ ಕೊಳವೆ. ಅನುಕೂಲವೇನೋ ಸರಿ, ಆದರೆ ಇಡೀ ಯಂತ್ರ ಮಳೆ, ಧೂಳು, ಪಾರಿವಾಳಗಳ ಪಾಲಿಗೆ ಬಿಟ್ಟದ್ದು. ಸೂರು ಅದರ ಭಾರ ತಾಳಬೇಕು, ಪೀಠ ಮಟ್ಟವಾಗಿರಬೇಕು, ಕಂಪನ ಕೆಳಗಿಳಿಯದಂತೆ ರಬ್ಬರಿನ ಆಸರೆ ಬೇಕು, ಸುತ್ತಲೂ ತಯಾರಕರು ಹೇಳಿದಷ್ಟು ತೆರಪು ಬಿಡಬೇಕು. ತಾನೇ ಉಗುಳಿದ ಬಿಸಿಗಾಳಿಯನ್ನು ತಾನೇ ನುಂಗುವಂತಿದ್ದರೆ ಎಂಥ ಯಂತ್ರವೂ ಸೋಲುತ್ತದೆ. ಫಿಲ್ಟರನ್ನು ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ನೋಡಬೇಕು. ಕಾಯಿಲ್ಲಿನ ತೆಳು ರೆಕ್ಕೆಗಳನ್ನು ಮೃದುವಾದ ಬ್ರಷ್ಷಿನಿಂದ ತೊಳೆಯಬೇಕು. ರಭಸದ ನೀರು ಹಾಯಿಸಿದರೆ ಅವು ಬಾಗುತ್ತವೆ. ತಂಪುಕಾರಕವನ್ನು ಮುಟ್ಟುವ ಅಧಿಕಾರ ಇಲ್ಲಿ ಎಫ್-ಗ್ಯಾಸ್ ಪ್ರಮಾಣಪತ್ರ ಉಳ್ಳವರಿಗೆ ಮಾತ್ರ. 12 ಕಿಲೋವ್ಯಾಟ್ ಮೀರಿದ ವ್ಯವಸ್ಥೆಯನ್ನು ಐದು ವರ್ಷಕ್ಕೊಮ್ಮೆ ಮಾನ್ಯತೆ ಪಡೆದವರಿಂದ ತಪಾಸಣೆ ಮಾಡಿಸುವುದು ಕಾನೂನು. ಫ್ಲ್ಯಾಟಿನಲ್ಲಿರುವವರು ಹೊರಗೋಡೆಗೆ ಮೊಳೆ ಹೊಡೆಯುವ ಮೊದಲು ಕಟ್ಟಡದ ಒಡೆಯರನ್ನು, ಕೌನ್ಸಿಲನ್ನು ಕೇಳುವುದು ಲೇಸು. ಅಂದಹಾಗೆ 2021ರ ಲಂಡನ್ ಯೋಜನೆಯಲ್ಲಿ ಏಸಿಗೆ ಕೊನೆಯ ಸ್ಥಾನ. ಬಿಸಿಲು ಒಳಬರದಂತೆ ತಡೆಯುವುದಕ್ಕೆ ಮೊದಲನೆಯದು. ತೊಟ್ಟಿಮನೆ ಕಟ್ಟಿದ ನಮ್ಮ ಹಿರಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಬಾಡಿಗೆಯ ಸಭಾಂಗಣವೊಂದರಲ್ಲಿ ನಮ್ಮ ಬೇಸಿಗೆಯ ಕೂಟ ನಡೆದಿತ್ತು. ಮಕ್ಕಳ ನೃತ್ಯದ ನಡುವೆ, ಹಾಸನದಿಂದ ಮಗನ ಮನೆಗೆ ಬಂದಿದ್ದ ಹಿರಿಯ ತಾಯಿಯೊಬ್ಬರು ತಲೆಸುತ್ತಿ ಕುಸಿದರು. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಗುಳಿಗೆ ನುಂಗುತ್ತಿದ್ದರು. ವಯಸ್ಸಾದಂತೆ ಬಾಯಾರಿಕೆಯೂ ಮಂದವಾಗುತ್ತದೆ. ಕಾಲು ಎತ್ತರಿಸಿ ಮಲಗಿಸಿ, ಚೇತರಿಸಿಕೊಂಡ ಮೇಲೆ ಗುಟುಕು ಗುಟುಕಾಗಿ ನೀರು ಕುಡಿಸಿದೆವು. ಏಸಿ ಬೆಳಗಿನಿಂದಲೂ ಓಡುತ್ತಿತ್ತು, ಗಾಳಿ ಮಾತ್ರ ಉಗುರುಬೆಚ್ಚಗೆ ಬರುತ್ತಿತ್ತು. ಮೇಲ್ವಿಚಾರಕ ಏಣಿ ಹತ್ತಿ, ವಿದ್ಯುತ್ತು ಕಡಿದು ನೋಡಿದರೆ, ಬೀದಿಯ ಪ್ಲೇನ್ ಮರಗಳ ನಾರೂ ಹಕ್ಕಿಯ ಪುಕ್ಕಗಳೂ ಸೇರಿ ಕಾಯಿಲ್ಲಿನ ಮೇಲೆ ಕಂಬಳಿ ಹೊದಿಸಿದಂತೆ ಮೆತ್ತಿಕೊಂಡಿದ್ದವು. ಒಂದು ಗಂಟೆ ಉಜ್ಜಿದ ಮೇಲೆ, ಮಂಗಳಾರತಿಯ ಹೊತ್ತಿಗೆ, ಸಭಾಂಗಣ ತಂಪಾಯಿತು. ಕಸ ತುಂಬಿದ ಕಪ್ಪು ಚೀಲವನ್ನು ಆತ ಹೊತ್ತು ತರುವುದನ್ನು ಕಂಡ ಆ ತಾಯಿ ನಮ್ಮನ್ನು ಕೇಳಿದರು: "ಅಂಗಳ ಗುಡಿಸುವವರು ಇಲ್ಲಿ ಮೇಲಕ್ಕೆ ಹೋಗುವುದೇ ಇಲ್ಲವೇನಪ್ಪಾ?"