ತೊಟ್ಲಕೊಂಡದ ಮೌನ, ಅಮರಾವತಿಯ ಕೊಳಲು: ಶಾಕುಹಾಚಿಯ ಧ್ಯಾನಗುಣದ ಜಿಜ್ಞಾಸೆ

ವಿಶಾಖಪಟ್ಟಣದಿಂದ ಭೀಮಿಲಿಗೆ ಹೋಗುವ ಕಡಲದಾರಿಯ ಆಸುಪಾಸಿನಲ್ಲಿ ಎರಡು ಬೌದ್ಧ ಗುಡ್ಡಗಳಿವೆ: ಬಾವಿಕೊಂಡ ಮತ್ತು ತೊಟ್ಲಕೊಂಡ. ಕನ್ನಡದವರಿಗೆ ಈ ಹೆಸರುಗಳನ್ನು ಬಿಡಿಸಿ ಹೇಳಬೇಕಿಲ್ಲ. ಬಾವಿಯೂ ನಮ್ಮದೇ, ತೊಟ್ಟಿಯೂ ನಮ್ಮದೇ. 1976ರಲ್ಲಿ ನೌಕಾಪಡೆಯ ವೈಮಾನಿಕ ಸಮೀಕ್ಷೆಯ ವೇಳೆ ಕಣ್ಣಿಗೆ ಬಿದ್ದ ತೊಟ್ಲಕೊಂಡವನ್ನು ರಾಜ್ಯ ಪುರಾತತ್ವ ಇಲಾಖೆ 1988ರಿಂದ 1993ರವರೆಗೆ ಅಗೆಯಿತು. ಸ್ತೂಪ, ಚೈತ್ಯ, ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿಗಳು, ಭಿಕ್ಷುಗಳ ಕಿರುಕೋಣೆಗಳ ಸಾಲು, ರೋಮನ್ ಬೆಳ್ಳಿ ನಾಣ್ಯಗಳು ಹೊರಬಂದವು. ಆ ಕೋಣೆಗಳಲ್ಲಿ ಕೂತವರು ಕೊಳಲು ಊದುತ್ತಿದ್ದರೆಂದು ಊಹಿಸುವುದು ಕಷ್ಟ. ಹೊಸದಾಗಿ ಸಂಘ ಸೇರಿದವನು ಪಾಲಿಸಬೇಕಾದ ದಶಶೀಲಗಳಲ್ಲಿ ಏಳನೆಯದು ನೃತ್ಯ, ಗೀತ, ವಾದ್ಯಗಳಿಂದ ದೂರವಿರುವುದು.

ವಿಜಯವಾಡದಿಂದ ಕೃಷ್ಣೆಯ ದಂಡೆಯಲ್ಲಿ ಮೇಲಕ್ಕೆ, ಅಮರಾವತಿಯ ಸ್ತೂಪಕ್ಕೆ ಹೋದರೆ ಚಿತ್ರ ತಿರುವುಮುರುವಾಗುತ್ತದೆ. ಅಲ್ಲಿನ ಸುಣ್ಣಕಲ್ಲಿನ ಫಲಕಗಳು ಈಗ ಹೆಚ್ಚಾಗಿ ಚೆನ್ನೈ ಮತ್ತು ಲಂಡನ್ನಿನ ಮ್ಯೂಸಿಯಮ್ಮುಗಳಲ್ಲಿವೆ. ಅವುಗಳಲ್ಲಿ ಬಿಲ್ಲಿನಾಕಾರದ ತಂತಿವಾದ್ಯ ಇದೆ, ಚರ್ಮವಾದ್ಯ ಇದೆ, ತುಟಿಗೆ ಅಡ್ಡ ಹಿಡಿದ ಕೊಳಲೂ ಇದೆ. ಅಡ್ಡಕೊಳಲಿನ ಚರಿತ್ರೆ ಬರೆಯುವವರು ಸಾಂಚಿಯ ಜೊತೆಗೆ ಅಮರಾವತಿಯನ್ನೂ ಹೆಸರಿಸುವುದು ಇದಕ್ಕಾಗಿಯೇ. ಆದರೆ ಆ ಕೊಳಲು ಧ್ಯಾನಿಯ ಕೈಯಲ್ಲಿಲ್ಲ. ಅದು ಅಂತಃಪುರದ್ದು, ದೇವಲೋಕದ್ದು, ಮೆರವಣಿಗೆಯದು. ಧ್ಯಾನ ಗುಡ್ಡದ ಮೇಲೆ, ಕೊಳಲು ಸಂಭ್ರಮದ ಕಲ್ಲಿನಲ್ಲಿ. ಆಂಧ್ರದ ಬೌದ್ಧರು ಎರಡನ್ನೂ ಬಲ್ಲವರಾಗಿದ್ದರು, ಕೂಡಿಸಲಿಲ್ಲ.

ಕೂಡಿಸಿದವರು ಜಪಾನಿನವರು, ಅದೂ ಬಹಳ ತಡವಾಗಿ. ಕ್ರಿ.ಶ. 736ರಲ್ಲಿ ಜಪಾನಿಗೆ ಹೋದ ಭಾರತೀಯ ಭಿಕ್ಷು ಬೋಧಿಸೇನ 752ರಲ್ಲಿ ನಾರಾದ ಮಹಾಬುದ್ಧನಿಗೆ ಕಣ್ಣು ಬರೆದ. ಅಲ್ಲಿನ ಶೋಸೋಇನ್ ಭಂಡಾರದಲ್ಲಿ ಆ ಶತಮಾನದ ಎಂಟು ಶಾಕುಹಾಚಿ ಕೊಳಲುಗಳು ಇಂದಿಗೂ ಉಳಿದಿವೆ. ಕೆಲವು ಬಿದಿರಿನವು, ಕೆಲವು ಕಲ್ಲು, ದಂತದವು. ತಾಂಗ್ ಚೀನಾದಿಂದ ಬಂದ, ಆರು ರಂಧ್ರಗಳ ಆಸ್ಥಾನವಾದ್ಯ ಅದು. ಅಮರಾವತಿಯ ಅಡ್ಡಕೊಳಲಿಗೂ ಇದಕ್ಕೂ ವಂಶವೃಕ್ಷ ಹೆಣೆಯುವ ಹುಮ್ಮಸ್ಸು ನನಗಿಲ್ಲ. ಇದು ನೆಟ್ಟಗೆ ಹಿಡಿದು ತುದಿಯಿಂದ ಊದುವ ವಾದ್ಯ, ಜಾತಿಯೇ ಬೇರೆ. ಗಮನಿಸಬೇಕಾದದ್ದು ಇಷ್ಟು: ಆಗ ಅದೂ ಸಂಭ್ರಮದ ವಾದ್ಯವೇ ಆಗಿತ್ತು.

ಎದೋ ಕಾಲದಲ್ಲಿ, ತಲೆ ಪೂರ್ತಿ ಮುಚ್ಚುವ ಹುಲ್ಲುಬುಟ್ಟಿ ಹಾಕಿಕೊಂಡು ಭಿಕ್ಷೆಗೆ ತಿರುಗುತ್ತಿದ್ದ ಫುಕೆ ಪಂಥದ ಕೊಮುಸೋಗಳು ಇದನ್ನು ‘ಹೋಕಿ’ ಎಂದರು, ಧರ್ಮದ ಸಲಕರಣೆ ಎಂಬ ಅರ್ಥದಲ್ಲಿ. ‘ಗಕ್ಕಿ’ ಎಂದರೆ ಸಂಗೀತವಾದ್ಯ, ಅದು ಬೇರೆ. ವಾದ್ಯವೇ ಅಲ್ಲ ಎಂದ ಮೇಲೆ ಏಳನೆಯ ಶೀಲದ ತಕರಾರೂ ತಣ್ಣಗಾಗುತ್ತದೆ! ಜಾಣತನ ಎನ್ನಿ, ದರ್ಶನ ಎನ್ನಿ, ಊದುವುದೇ ಝೆನ್ ಎಂಬ ‘ಸುಇಝೆನ್’ ಕಲ್ಪನೆಗೆ ಜಾಗ ಸಿಕ್ಕಿದ್ದು ಇಲ್ಲಿ.

ಕಲ್ಪನೆಯ ಹಿಂದಿನ ಕಸುಬನ್ನು ಹತ್ತಿರದಿಂದ ನೋಡಬೇಕು. ಬೇರಿನ ಗೆಣ್ಣುಗಳನ್ನು ಉಳಿಸಿಕೊಂಡ ದಪ್ಪ ಬಿದಿರು. ಮುಂದೆ ನಾಲ್ಕು ರಂಧ್ರ, ಹಿಂದೆ ಒಂದು. ಉದ್ದ ಒಂದು ಶಾಕು ಎಂಟು ಸುನ್, ಅಂದರೆ ಸುಮಾರು 54.5 ಸೆಂಟಿಮೀಟರ್; ಹೆಸರು ಹುಟ್ಟಿದ್ದೂ ಈ ಅಳತೆಯಿಂದ. ಮೇಲ್ತುದಿಯನ್ನು ಹೊರಮುಖವಾಗಿ ಓರೆಯಾಗಿ ಕತ್ತರಿಸಿರುತ್ತಾರೆ. ಗಾಳಿ ಆ ಅಂಚಿಗೆ ಬಡಿದಾಗ ಸ್ವರ. ಗಲ್ಲ ತುಸು ತಗ್ಗಿಸಿದರೆ ಸ್ವರ ಇಳಿಯುತ್ತದೆ, ಎತ್ತಿದರೆ ಏರುತ್ತದೆ. ನಮ್ಮ ವೇಣುವಾದಕ ಬೆರಳಿನಿಂದ ಜಾರಿಸುವುದನ್ನು ಇವರು ಕತ್ತಿನಿಂದ ಜಾರಿಸುತ್ತಾರೆ. ಉಸಿರಿನ ‘ಸ್ಸ್’ ಸದ್ದು ನಮ್ಮಲ್ಲಿ ದೋಷ, ಗುರು ಗದರುವ ವಿಷಯ. ಅಲ್ಲಿ ಅದಕ್ಕೆ ‘ಮುರಾಇಕಿ’ ಎಂಬ ಹೆಸರೇ ಇದೆ, ಬೇಕೆಂದೇ ತರುತ್ತಾರೆ.

ಹೋನ್ಕ್ಯೋಕು ಎಂಬ ಮೂಲಕೃತಿಗಳಿಗೆ ತಾಳದ ಕಟ್ಟಿಲ್ಲ. ಒಂದು ಉಸಿರಿಗೆ ಒಂದು ವಾಕ್ಯ, ಆಮೇಲೆ ಬಿಡುವು. ನಮ್ಮ ಕಿವಿಗೆ ಇದು ಆಲಾಪನೆಯಂತೆ ಕೇಳುತ್ತದೆ. ಅಲ್ಲೇ ನಾವು ಎಡವುವುದು. ಆಲಾಪನೆ ರಾಗವನ್ನು ಹುಡುಕಿಕೊಂಡು ಹೋಗುತ್ತದೆ, ಕೇಳುಗ ಅದರ ಬೆನ್ನು ಹತ್ತುತ್ತಾನೆ. ಶಾಕುಹಾಚಿಯ ವಾಕ್ಯ ಉಸಿರು ಮುಗಿದಲ್ಲಿ ಮುಗಿಯುತ್ತದೆ, ಕೇಳುಗನೂ ಅರಿವಿಲ್ಲದೆ ತನ್ನ ಉಸಿರನ್ನು ಅದಕ್ಕೆ ಕೊಡುತ್ತಾನೆ. ಪ್ರಾಣಾಯಾಮ ಬಲ್ಲವರು ಇದನ್ನು ದೀರ್ಘ ರೇಚಕ ಎಂದಾರು. ನಮ್ಮ ಪೈಕಿ ಬಿಡುವನ್ನೇ ಸಂಗೀತ ಮಾಡಿದವರು ಮಾಲಿ, ಅಂದರೆ ಟಿ. ಆರ್. ಮಹಾಲಿಂಗಂ (1926–1986). ಆದರೆ ಮಾಲಿಯ ಮೌನದ ಅಡಿಯಲ್ಲೂ ತಾಳ ನಡೆಯುತ್ತಿರುತ್ತದೆ. ಎಲ್ಲಿ ಬಂದು ಸೇರುತ್ತಾರೋ ಎಂದು ಕೇಳುಗ ಕಾಯುತ್ತಾನೆ. ಕನ್ನಡದ ಕೊಳಲಾಗಲಿ ತೆಲುಗಿನ ಪಿಲ್ಲನಗ್ರೋವಿಯಾಗಲಿ ಕೃಷ್ಣನದು, ಅದು ಕರೆಯುವ ದನಿ. ಶಾಕುಹಾಚಿ ಯಾರನ್ನೂ ಕರೆಯುವುದಿಲ್ಲ. ಅದರ ಧ್ಯಾನಗುಣ ಇರುವುದು ಈ ಕರೆಯದಿರುವಿಕೆಯಲ್ಲಿ ಎಂಬುದು ನನ್ನ ವಾದ.

ಪಂಥದ ಪುರಾಣವನ್ನು ಮಾತ್ರ ಹಾಗೇ ನುಂಗಬೇಕಿಲ್ಲ. ತಾಂಗ್ ಕಾಲದ ಸಂತ ಪುಹುವಾ ಬಾರಿಸುತ್ತಿದ್ದ ಗಂಟೆಯ ದನಿಯನ್ನು ಬಿದಿರಿನಲ್ಲಿ ಅನುಕರಿಸಿದ್ದೇ ಮೊದಲ ಕೃತಿ ಎಂಬ ಕಥೆ 1795ರಲ್ಲಿ ಅಚ್ಚಾದ ಗ್ರಂಥದ್ದು. ವಿದ್ವಾಂಸರು ಅದನ್ನು ಕಟ್ಟುಕಥೆ ಎನ್ನುತ್ತಾರೆ. ಕೊಮುಸೋಗಳ ವಿಶೇಷ ಹಕ್ಕುಗಳಿಗೆ ಆಧಾರವಾದ 1614ರ ರಾಜಾಜ್ಞೆಯೂ ನಕಲಿ ಎಂದೇ ಅವರ ತೀರ್ಮಾನ. ಒಡೆಯರನ್ನು ಕಳೆದುಕೊಂಡು ಕೊಮುಸೋಗಳಾದ ಸಮುರಾಯಿಗಳಿಗೆ ಹೊಟ್ಟೆಪಾಡೂ ಬೇಕಿತ್ತು. ಕುರೊಸಾವಾ ಕಿಂಕೋ (1710–1771) ಊರೂರಿನ ಕೃತಿಗಳನ್ನು ಕಲೆಹಾಕಿ 36ಕ್ಕೆ ನಿಲ್ಲಿಸದೇ ಹೋಗಿದ್ದರೆ ಈ ಪರಂಪರೆಯ ಎಷ್ಟೋ ಭಾಗ ನಮ್ಮವರೆಗೆ ಬರುತ್ತಿರಲಿಲ್ಲ. ಕಥೆ ಸುಳ್ಳಿರಬಹುದು, ಉಸಿರು ಸುಳ್ಳಲ್ಲ.

1871ರಲ್ಲಿ ಮೇಜಿ ಸರ್ಕಾರ ಫುಕೆ ಪಂಥವನ್ನು ರದ್ದುಮಾಡಿತು. ಹೋಕಿ ಮತ್ತೆ ಗಕ್ಕಿಯಾಯಿತು. ಇಂದು ಸಭಾಂಗಣದಲ್ಲಿ ನಾವು ಟಿಕೆಟ್ ಕೊಂಡು ಕೇಳುತ್ತಿರುವುದು ಅದನ್ನೇ.