ಬೂಟಿನ ಮನೆತನದ ಕಾರ್ಬುರೇಟರ್

ಅಂಬಾಸಿಡರ್ ಕಾರಿನ ಬಾನೆಟ್ ಎತ್ತಿದರೆ ಎಂಜಿನ್ನಿನ ಪಕ್ಕದಲ್ಲಿ ಅಲ್ಯೂಮಿನಿಯಮ್ಮಿನ ಪುಟ್ಟ ಗುಮ್ಮಟವೊಂದು ಥಟ್ಟನೆ ಕಣ್ಣಿಗೆ ಬೀಳುತ್ತಿತ್ತು. ಅದೇ ಎಸ್‌ಯು ಕಾರ್ಬುರೇಟರ್. ನಮ್ಮ ಎಷ್ಟೋ ಗ್ಯಾರೇಜುಗಳ ಬೆಂಚಿನ ಮೇಲೆ ಅದು ಬಿಚ್ಚಿಕೊಂಡು ಕೂತಿರುತ್ತಿತ್ತು. ಅದರ ಹುಟ್ಟು ಮಾತ್ರ ಲಂಡನ್ನಿನ ಬೂಟು ವ್ಯಾಪಾರಿಗಳ ಮನೆತನದಲ್ಲಿ.

ಎಸ್‌ಯು ಅಂದರೆ ಸ್ಕಿನ್ನರ್ಸ್ ಯೂನಿಯನ್. ಲಿಲ್ಲಿ ಆಂಡ್ ಸ್ಕಿನ್ನರ್ ಎಂಬ ಬೂಟಿನ ಕಂಪನಿಯ ಮನೆತನಕ್ಕೆ ಸೇರಿದ ಜಾರ್ಜ್ ಹರ್ಬರ್ಟ್ ಸ್ಕಿನ್ನರ್ ಮೋಟಾರುಗಳ ಹುಚ್ಚಿನವನು. ಜರ್ಮನಿಯಲ್ಲಿ ವಿಲ್ಹೆಲ್ಮ್ ಮೇಬಾಕ್ 1893ರ ಹೊತ್ತಿಗೇ ಪೆಟ್ರೋಲನ್ನು ಸಣ್ಣ ರಂಧ್ರದಿಂದ ಸಿಂಪಡಿಸುವ ಕಾರ್ಬುರೇಟರನ್ನು ರೂಪಿಸಿದ್ದ. ಆ ಬಗೆಯ ಕಾರ್ಬುರೇಟರುಗಳಲ್ಲಿ ಗಾಳಿ ಹಾದುಹೋಗುವ ಗಂಟಲು ಒಂದೇ ಅಳತೆಯದು. ಕಿರಿದಾಗಿದ್ದರೆ ನಿಧಾನಕ್ಕೆ ಓಡುವಾಗ ಚೆನ್ನ, ವೇಗ ಹೆಚ್ಚಿದಾಗ ಎಂಜಿನ್ನಿಗೆ ಗಾಳಿ ಸಾಲದು. ಅಗಲವಾಗಿದ್ದರೆ ವೇಗಕ್ಕೆ ಸರಿ, ನಿಧಾನಗತಿಯಲ್ಲಿ ಪೆಟ್ರೋಲನ್ನು ಎಳೆದುಕೊಳ್ಳುವಷ್ಟು ಸೆಳೆತವಿರದು. ಸ್ಕಿನ್ನರ್ 1905ರಲ್ಲಿ ಇದಕ್ಕೊಂದು ಉಪಾಯ ಹುಡುಕಿದ: ಎಂಜಿನ್ ಎಷ್ಟು ಗಾಳಿ ಕೇಳುತ್ತದೋ ಗಂಟಲು ಅಷ್ಟೇ ತೆರೆದುಕೊಳ್ಳಲಿ. ಗಂಟಲನ್ನು ತೆರೆದು ಮುಚ್ಚುವುದಕ್ಕೆ ಅವನು ಬಳಸಿದ್ದು ಪುಟ್ಟ ತೊಗಲಿನ ತಿದಿ. ಬೂಟಿನವರ ಮನೆಯ ಹುಡುಗನಿಗೆ ತೊಗಲು ಹೊಳೆದದ್ದರಲ್ಲಿ ಆಶ್ಚರ್ಯವಿಲ್ಲ. ತಮ್ಮ ಥಾಮಸ್ ಕಾರ್ಲೈಲ್ ಸ್ಕಿನ್ನರ್ ಜೊತೆಗೂಡಿದ, 1910ರಲ್ಲಿ ಕಂಪನಿ ನಿಂತಿತು. ಮುಂದೆ ತಿದಿಯ ಜಾಗಕ್ಕೆ ಲೋಹದ ಪಿಸ್ಟನ್ ಬಂತು. 1926ರಲ್ಲಿ ಕಂಪನಿಯನ್ನು ವಿಲಿಯಂ ಮಾರಿಸ್ ಕೊಂಡ. ಹಾಗಾಗಿಯೇ ಮಾರಿಸ್ ಕಾರುಗಳ ಜೊತೆ ಎಸ್‌ಯು ಊರೂರು ಸುತ್ತಿತು.

ಒಳಗಿನ ಕೆಲಸ ಸರಳ. ಗುಮ್ಮಟದೊಳಗೆ ಒಂದು ಪಿಸ್ಟನ್, ಅದರ ತಳದಲ್ಲಿ ತುದಿಗೆ ಹೋದಂತೆ ಸಪೂರವಾಗುವ ಸೂಜಿ, ಸೂಜಿ ಇಳಿಯುವ ಜೆಟ್. ಅಂಬಾಸಿಡರುಗಳಲ್ಲಿ ಕಾಣುತ್ತಿದ್ದ ಎಚ್‌ಎಸ್2 ಮಾದರಿಯಲ್ಲಿ ಜೆಟ್ಟಿನ ರಂಧ್ರ 0.090 ಅಂಗುಲ. ಥ್ರಾಟಲ್ ತೆರೆದಾಗ ಪಿಸ್ಟನ್ ಮೇಲೇಳುತ್ತದೆ, ಸೂಜಿಯ ಸಪೂರ ಭಾಗ ಜೆಟ್ಟಿಗೆ ಬರುತ್ತದೆ, ಸುತ್ತಲಿನ ಸಂದು ಹಿಗ್ಗಿ ಪೆಟ್ರೋಲ್ ಹೆಚ್ಚು ಬರುತ್ತದೆ. ಬೇರೆ ಕಾರ್ಬುರೇಟರುಗಳಿಗೆ ಸ್ಲೋ ಜೆಟ್, ಮೇನ್ ಜೆಟ್, ಪಂಪ್ ಜೆಟ್ ಎಂದು ಹಲವು ಬೇಕಾದಲ್ಲಿ ಇದಕ್ಕೆ ಒಂದೇ ಸಾಕು. ಚಳಿಯಲ್ಲಿ ಚೋಕ್ ಎಳೆದರೆ ಗಾಳಿಗೆ ಅಡ್ಡ ಮುಚ್ಚಳ ಬೀಳುವುದಿಲ್ಲ, ಜೆಟ್ಟೇ ಕೆಳಗಿಳಿಯುತ್ತದೆ. ಇಷ್ಟು ಕಡಿಮೆ ಭಾಗಗಳಿಂದ ಇಷ್ಟು ಕೆಲಸ ತೆಗೆದ ಯಂತ್ರಗಳು ಮೋಟಾರಿನ ಇತಿಹಾಸದಲ್ಲಿ ವಿರಳ.

ಆದರೂ ಫ್ಲೋಟ್, ಅಂದರೆ ಪೆಟ್ರೋಲ್ ಮಟ್ಟ ಕಾಯುವ ತೇಲುಗುಂಡು, ಇರುವ ಎಲ್ಲ ಕಾರ್ಬುರೇಟರುಗಳ ಹಾಗೆ ಇದೂ ಭೂಮಿಯ ಸೆಳೆತವನ್ನೇ ನಂಬಿದ ಯಂತ್ರ. ಎರಡನೇ ಮಹಾಯುದ್ಧದಲ್ಲಿ, 1940ರಲ್ಲಿ, ಬ್ರಿಟನ್ನಿನ ಪೈಲಟ್‌ಗಳು ಅದರ ಬೆಲೆ ತೆತ್ತರು. ಸ್ಪಿಟ್‌ಫೈರ್ ವಿಮಾನದ ಮರ್ಲಿನ್ ಎಂಜಿನ್ನಿಗೆ ಇದ್ದದ್ದು ಎಸ್‌ಯು ಕಾರ್ಬುರೇಟರ್. ಮೂತಿ ಬಗ್ಗಿಸಿ ಒಮ್ಮೆಲೇ ಕೆಳಕ್ಕೆ ಎರಗಿದರೆ ಪೆಟ್ರೋಲ್ ಫ್ಲೋಟ್ ಚೇಂಬರಿನ ಮೇಲ್ಭಾಗಕ್ಕೆ ಚಿಮ್ಮಿ ಎಂಜಿನ್ ಮೊದಲು ಬರಿದಾಗಿ ಕೆಮ್ಮುತ್ತಿತ್ತು, ಆಮೇಲೆ ಪೆಟ್ರೋಲ್ ತುಂಬಿ ಉಸಿರುಗಟ್ಟುತ್ತಿತ್ತು. ಕಾರ್ಬುರೇಟರ್ ಇಲ್ಲದೆ ನೇರ ಇಂಜೆಕ್ಷನ್ನಿನಿಂದ ಓಡುವ ಎಂಜಿನ್ನಿನ ಜರ್ಮನ್ ಯುದ್ಧವಿಮಾನ ಮೆಸರ್‌ಶ್ಮಿಟ್ ಅಷ್ಟರಲ್ಲಿ ತಪ್ಪಿಸಿಕೊಳ್ಳುತ್ತಿತ್ತು. ಫಾರ್ನ್‌ಬರೋದ ಸಂಶೋಧನಾ ಕೇಂದ್ರದಲ್ಲಿದ್ದ ಎಂಜಿನಿಯರ್ ಬಿಯಾಟ್ರಿಸ್ ಶಿಲ್ಲಿಂಗ್ ಪೆಟ್ರೋಲ್ ದಾರಿಗೆ ಲೆಕ್ಕ ಹಾಕಿ ರಂಧ್ರ ಕೊರೆದ ಒಂದು ಲೋಹದ ತಡೆ ಹಾಕಿಸಿದರು. ಅದರ ಮುಂದಿನ ರೂಪ ಬರಿಯ ಚಪ್ಪಟೆ ವಾಷರ್. ಎಂಜಿನ್ನಿಗೆ ಬೇಕಾದಷ್ಟೇ ಪೆಟ್ರೋಲ್ ಬಿಡುವ ಆ ತುಣುಕನ್ನು 1941ರಲ್ಲಿ ಅವರು ತಮ್ಮ ಸಣ್ಣ ತಂಡದೊಂದಿಗೆ ವಿಮಾನ ನೆಲೆಗಳಿಗೆ ಹೋಗಿ ಕೂರಿಸಿದರು. ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ಗಂಟೆಗೆ 100 ಮೈಲಿ ಮೀರಿ ನಾರ್ಟನ್ ಬೈಕ್ ಓಡಿಸಿದ್ದ ಹೆಣ್ಣುಮಗಳು ಆಕೆ. ಕಾರ್ಬುರೇಟರ್ ರಿಪೇರಿಯ ಚರಿತ್ರೆಯಲ್ಲಿ ಅವರ ಹೆಸರನ್ನು ಮೊದಲು ಬರೆಯಬೇಕು.

ಭಾರತಕ್ಕೆ ಅಂಬಾಸಿಡರ್ ಬಂದದ್ದು 1957ರಲ್ಲಿ, ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ. ಫಿಯೆಟ್, ಅಂದರೆ ಮುಂದಿನ ಪ್ರೀಮಿಯರ್ ಪದ್ಮಿನಿಯಲ್ಲಿ ಇದ್ದದ್ದು ಫ್ರೆಂಚ್ ಮೂಲದ ಸೊಲೆಕ್ಸ್ ಕಾರ್ಬುರೇಟರ್. ಕಾರ್ಬುರೇಟರ್ ಯಾವುದಿದ್ದರೂ, ಬೇಸಿಗೆಯಲ್ಲಿ ಘಾಟಿ ಹತ್ತುವಾಗ ಪೆಟ್ರೋಲ್ ಇಂಧನ ಪಂಪಿನಲ್ಲೇ ಆವಿಯಾಗಿ ಗಾಡಿ ನಿಂತರೆ ಡ್ರೈವರುಗಳು ಪಂಪಿನ ಮೇಲೆ ಒದ್ದೆ ಬಟ್ಟೆ ಹೊದಿಸಿ, ಬಾನೆಟ್ ತೆರೆದು ಕಾಯುತ್ತಿದ್ದರು. ತಪ್ಪು ಕಾರ್ಬುರೇಟರಿನದಲ್ಲ ಎಂದು ತಿಳಿಯುವುದೇ ಆ ಕೆಲಸದಲ್ಲಿ ಅರ್ಧ ವಿದ್ಯೆ.

ಇನ್ನರ್ಧ ವಿದ್ಯೆ ಕೈ ಮತ್ತು ಕಿವಿಯದು. ಆಕ್ಸಿಲರೇಟರ್ ತುಳಿದೊಡನೆ ಗಾಡಿ ತಡವರಿಸಿದರೆ ಅನುಭವಸ್ಥ ಮೇಸ್ತ್ರಿ ಸ್ಪ್ಯಾನರ್ ಮುಟ್ಟುವುದಿಲ್ಲ. ಗುಮ್ಮಟದ ನೆತ್ತಿಯ ಮುಚ್ಚಳ ತಿರುಗಿಸಿ ಒಳಗೆ ಎಣ್ಣೆ ಇದೆಯೇ ಎಂದು ನೋಡುತ್ತಾನೆ. ಪಿಸ್ಟನ್ ಗಡಿಬಿಡಿಯಿಂದ ಮೇಲೇಳದಂತೆ ತಡೆಯುವುದು ಆ ಎಣ್ಣೆಯೇ. ಆಮೇಲೆ ಪಿಸ್ಟನ್ನನ್ನು ಬೆರಳಿನಿಂದ ಎತ್ತಿ ಬಿಡುತ್ತಾನೆ. ಅದು ‘ಟಕ್’ ಎಂದು ಬೀಳಬೇಕು. ಸದ್ದಿಲ್ಲದೆ ಇಳಿದರೆ ಸೂಜಿ ಜೆಟ್ಟಿಗೆ ಉಜ್ಜುತ್ತಿದೆ, ಇಲ್ಲವೇ ಪಿಸ್ಟನ್ನಿಗೆ ಜಿಡ್ಡು ಕಟ್ಟಿದೆ. ಜೆಟ್ಟನ್ನು ಹಿಡಿದಿಡುವ ನಟ್ ಸಡಿಲಿಸಿ, ಸೂಜಿ ನಡುವಿಗೆ ಬರುವವರೆಗೆ ಜೆಟ್ಟನ್ನು ಸರಿಸಿ ಮತ್ತೆ ಬಿಗಿ ಮಾಡಬೇಕು. ಎಂಜಿನ್ ಓಡುತ್ತಿರುವಾಗ ಪಿಸ್ಟನ್ನನ್ನು ಕೂದಲೆಳೆಯಷ್ಟು ಎತ್ತುವುದು ಮಿಶ್ರಣದ ಪರೀಕ್ಷೆ: ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಹೆಚ್ಚು, ಎಂಜಿನ್ ಕುಸಿದರೆ ಕಡಿಮೆ, ಕ್ಷಣ ಏರಿ ಮತ್ತೆ ಮೊದಲಿನಂತಾದರೆ ಸರಿ.

ಫ್ಲೋಟ್ ಚೇಂಬರಿನಿಂದ ಪೆಟ್ರೋಲ್ ಸೋರುತ್ತಿದ್ದರೆ ಕಸ ಸಿಕ್ಕಿದೆಯೇ, ಪೆಟ್ರೋಲ್ ಒಳಬಿಡುವ ನೀಡಲ್ ವಾಲ್ವ್ ಸವೆದು ಮುಚ್ಚುತ್ತಿಲ್ಲವೇ ಎಂದು ಮೊದಲು ನೋಡಬೇಕು. ಹಳೆಯ ಮಾದರಿಗಳ ಹಿತ್ತಾಳೆ ಫ್ಲೋಟನ್ನು ಕಿವಿಯ ಬಳಿ ಅಲುಗಿಸಿದಾಗ ಒಳಗೆ ‘ಗುಳುಗುಳು’ ಎಂದರೆ ತೂತು ಬಿದ್ದಿದೆ ಎಂದರ್ಥ. ಬಿಸಿನೀರಿನಲ್ಲಿ ಅದ್ದಿದರೆ ಗುಳ್ಳೆಗಳು ತೂತಿನ ಜಾಗ ತೋರಿಸುತ್ತವೆ. ಒಳಗಿನ ಪೆಟ್ರೋಲ್ ಪೂರ್ತಿ ಹೋಗುವ ಮುನ್ನ ಬೆಸುಗೆ ಹಾಕಿದರೆ ಬೆಂಕಿ ಹತ್ತಬಹುದು. ಬೆಸುಗೆಯ ಸೀಸ ಹೆಚ್ಚಾದರೆ ಫ್ಲೋಟ್ ಭಾರವಾಗಿ ಪೆಟ್ರೋಲ್ ಮಟ್ಟವೇ ಏರಿಬಿಡುತ್ತದೆ. ಜೆಟ್ಟಿಗೆ ತಂತಿ ತುರುಕುವವರನ್ನಂತೂ ಹತ್ತಿರ ಸೇರಿಸಬಾರದು. ಒಂದು ಗೀರು ಬಿದ್ದರೂ ಅಳತೆ ಕೆಡುತ್ತದೆ. ಎಲ್ಲ ತೊಳೆದು ಕಟ್ಟಿದ ಮೇಲೂ ಎಂಜಿನ್ನಿನ ನಿಧಾನಗತಿ (ಸ್ಲೋ) ನಿಲ್ಲದಿದ್ದರೆ ಥ್ರಾಟಲ್ ಸ್ಪಿಂಡಲ್ ಸವೆದು ಗಾಳಿ ಎಳೆಯುತ್ತಿರುತ್ತದೆ. ಅಲ್ಲಿ ರಿಪೇರಿ ಕಿಟ್ ಉಪಯೋಗಕ್ಕೆ ಬಾರದು, ಲೇತಿನವನಿಂದ ಹೊಸ ಬುಷ್ ಹಾಕಿಸಲೇಬೇಕು.

2000ದ ಸುಮಾರಿಗೆ ಹೊಗೆ ನಿಯಮಗಳು ಬಿಗಿಯಾಗಿ ಹೊಸ ಕಾರುಗಳಿಗೆ ಇಂಜೆಕ್ಷನ್ ಬಂತು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಈಗ ಹಳೆಯ ಗಾಡಿಗಳನ್ನು ನೋಡಲು ಜನ ಧರ್ಮಸ್ಥಳದ ಕಾರು ಸಂಗ್ರಹಾಲಯಕ್ಕೆ ಹೋಗುತ್ತಾರೆ. ಎಸ್‌ಯು ಬಿಡಿಭಾಗಗಳು ಮಾತ್ರ ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ ಇನ್ನೂ ತಯಾರಾಗುತ್ತಿವೆ.

ಹೊಸ ತೊಡಕು ಪೆಟ್ರೋಲಿನದೇ. ಬಂಕುಗಳಲ್ಲಿ ಈಗ ಸಿಗುವುದು ಶೇಕಡಾ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ನೀರನ್ನು ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ಫ್ಲೋಟ್ ಚೇಂಬರಿನಲ್ಲಿ ಬಿಳಿ ಪುಡಿ ಕಟ್ಟುತ್ತದೆ, ಹಳೆಯ ರಬ್ಬರ್ ಊದಿಕೊಳ್ಳುತ್ತದೆ. ಅದಕ್ಕೇ ರಬ್ಬರ್ ಪೈಪು, ಸೀಲುಗಳನ್ನು ಎಥೆನಾಲ್ ತಾಳುವಂಥವಕ್ಕೆ ಬದಲಾಯಿಸಬೇಕು, ಗಾಡಿ ನಿಲ್ಲಿಸುವ ಮುನ್ನ ಚೇಂಬರ್ ಬರಿದು ಮಾಡಬೇಕು. ಎಥೆನಾಲಿನಲ್ಲಿ ಆಮ್ಲಜನಕ ಇರುವುದರಿಂದ ಅದೇ ಗಾಳಿಗೆ ಇಂಧನ ಹೆಚ್ಚು ಬೇಕು. ಎಸ್‌ಯುನಲ್ಲಿ ಇದಕ್ಕೆ ದಾರಿಯಿದೆ: ಜೆಟ್ಟಿನ ಎತ್ತರ ಹೊಂದಿಸುವ ನಟ್ ಸ್ವಲ್ಪ ಇಳಿಸುವುದು, ಅದೂ ಸಾಲದಿದ್ದರೆ ಇನ್ನೂ ಸಪೂರ ಸೂಜಿ ಹಾಕುವುದು.