ರೋಮಿಗೆ ಹೋಗಲು ಯಾವ ಕಾಲ ಒಳ್ಳೆಯದು? - ಒಂದು ಸೊಳ್ಳೆಯ ಇತಿಹಾಸ

ರೋಮ್ ನೋಡೋಕೆ ಒಳ್ಳೇ ಟೈಮ್ ಯಾವುದು? ಈಗಿನ ಯಾವ ಗೈಡ್ ಪುಸ್ತಕ ತೆಗೆದರೂ ಉತ್ತರ ಹೆಚ್ಚುಕಡಿಮೆ ಒಂದೇ. ಏಪ್ರಿಲ್-ಮೇ, ಆಗದಿದ್ದರೆ ಸೆಪ್ಟೆಂಬರ್-ಅಕ್ಟೋಬರ್. ಬಿಸಿಲಿನ ಝಳ ಇಳಿದಿರುತ್ತದೆ, ಆಕಾಶ ತಿಳಿಯಾಗಿರುತ್ತದೆ, ದಿನವಿಡೀ ನಡೆದರೂ ಸುಸ್ತಾಗೋಲ್ಲ. ಒಪ್ಪಿದೆ. ಆದರೆ ಇನ್ನೂರು ವರ್ಷದ ಹಿಂದೆ ರೋಮಿನ ಯಾವುದಾದರೂ ಛತ್ರದ ಯಜಮಾನನ ಹತ್ತಿರ ಹೋಗಿ "ಸೆಪ್ಟೆಂಬರಿನಲ್ಲಿ ಬರಲಾ ಸ್ವಾಮಿ?" ಅಂತ ಕೇಳಿದ್ದರೆ, ಆತ ನಿಮ್ಮನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡುತ್ತಿದ್ದ. ಯಾಕೆಂದರೆ ರೋಮಿನಲ್ಲಿ ಜನ ಅತಿ ಹೆಚ್ಚು ಸಾಯುತ್ತಿದ್ದದ್ದು ಬೇಸಿಗೆಯ ಕೊನೆಯಲ್ಲಿ, ಆಗಸ್ಟ್-ಸೆಪ್ಟೆಂಬರಿನ ಆಸುಪಾಸಿನಲ್ಲೇ!

ಕಾರಣ ಮಲೇರಿಯಾ. ಆ ಪದವೇ ಇಟಲಿಯದ್ದು. 'ಮಾಲಾ ಆರಿಯಾ' ಅಂದರೆ ಕೆಟ್ಟ ಗಾಳಿ. 1740ರಲ್ಲಿ ಇಟಲಿ ಸುತ್ತುತ್ತಿದ್ದ ಹೊರೇಸ್ ವಾಲ್ಪೋಲ್ ಎಂಬ ಇಂಗ್ಲಿಷ್ ಶ್ರೀಮಂತರ ಮಗ, ಪ್ರತಿ ಬೇಸಿಗೆ ರೋಮಿಗೆ ಬಂದು ಜನರನ್ನು ಕೊಲ್ಲುವ ಈ ಭಯಂಕರ ವಸ್ತುವಿನ ಬಗ್ಗೆ ಮನೆಗೆ ಪತ್ರ ಬರೆದ. ಇಂಗ್ಲಿಷಿಗೆ ಆ ಪದ ಹೋದದ್ದು ಹಾಗೆ. ನಮ್ಮ ಮಲೆನಾಡಿನ ಹಿರಿಯರಿಂದ ಚಳಿಜ್ವರದ ಕಥೆ ಕೇಳಿ ಬೆಳೆದವರಿಗೆ ಈ ಭಯ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಬೇಸಿಗೆಯೇ ಯಾಕೆ? ಇಲ್ಲಿ ರೋಮಿನ ಹವಾಮಾನವನ್ನು ಸ್ವಲ್ಪ ನೋಡಬೇಕು. ನಮ್ಮಲ್ಲಿ ಬೇಸಿಗೆ ಮುಗಿದ ಮೇಲೆ ಮಳೆ. ಅಲ್ಲಿ ಮಳೆ ಬರುವುದು ಮುಖ್ಯವಾಗಿ ಅಕ್ಟೋಬರಿನಿಂದ ಚಳಿಗಾಲ ಕಳೆಯುವವರೆಗೆ, ಬೇಸಿಗೆಯಲ್ಲಿ ಒಣ ಬಿಸಿಲು. ಊರಿನ ಸುತ್ತ ಇರುವ 'ಕಂಪಾನ್ಯಾ' ಎಂಬ ಬಯಲಿನಲ್ಲಿ, ಇನ್ನೂ ದಕ್ಷಿಣಕ್ಕಿರುವ ಪೊಂಟೈನ್ ಜೌಗು ಪ್ರದೇಶದಲ್ಲಿ ಚಳಿಗಾಲದ ನೀರು ಹರಿದುಹೋಗದೆ ನಿಲ್ಲುತ್ತಿತ್ತು. ಬಿಸಿಲೇರಿದ ಹಾಗೆ ಆ ನೀರಿನಲ್ಲಿ ಅನಾಫಿಲಿಸ್ ಸೊಳ್ಳೆ ಬೆಳೆಯುತ್ತಿತ್ತು. ಮಲೇರಿಯಾದ ಅತಿ ಮಾರಕ ಪರೋಪಜೀವಿ ಫಾಲ್ಸಿಪಾರಂ. ಇದು ಸೊಳ್ಳೆಯ ಹೊಟ್ಟೆಯೊಳಗೆ ಬೆಳೆಯಬೇಕಾದರೆ ಸುಮಾರು 18-20 ಡಿಗ್ರಿಗಿಂತ ಹೆಚ್ಚು ಶಾಖ ಬೇಕು. ಹಾಗಾಗಿ ಜುಲೈಯಿಂದ ಶುರುವಾದ ಜ್ವರ ಚಳಿ ಬೀಳುವವರೆಗೂ ಬಿಡುತ್ತಿರಲಿಲ್ಲ.

ಇದು ತೀರಾ ಹಳೆಯ ರೋಗ. ಪ್ರಾಚೀನ ರೋಮನ್ನರು ಜ್ವರವನ್ನೇ 'ಫೆಬ್ರಿಸ್' ಎಂಬ ದೇವತೆ ಮಾಡಿ, ಪ್ಯಾಲಟೈನ್ ಗುಡ್ಡದ ಮೇಲೆ ಗುಡಿ ಕಟ್ಟಿಸಿದ್ದರು (ನಮ್ಮೂರ ಮಾರಿಗುಡಿ ನೆನಪಾಗಲಿಲ್ಲವೇ?). ಕವಿ ಹೊರೇಸ್ ತನ್ನ ಪೋಷಕ ಮೈಸೀನಸ್‌ಗೆ ಐದು ದಿನದಲ್ಲಿ ಬರುತ್ತೇನೆ ಅಂತ ಹೇಳಿ ಹಳ್ಳಿಗೆ ಹೋದವನು ಆಗಸ್ಟ್ ಪೂರ್ತಿ ವಾಪಸ್ ಬರಲೇ ಇಲ್ಲ. ಜ್ವರದ ಕಾಲ, ಕ್ಷಮಿಸಿಬಿಡು ಅಂತ ಪದ್ಯದಲ್ಲೇ ರಜಾ ಅರ್ಜಿ ಹಾಕಿದ :-) ಇದು ಬರೀ ಕವಿಯ ನೆಪ ಅಲ್ಲ. ಬ್ರೆಂಟ್ ಶಾ ಎಂಬ ಇತಿಹಾಸಕಾರ ರೋಮಿನ ಹಳೆಯ ಕ್ರೈಸ್ತ ಸಮಾಧಿಗಳ ಮೇಲೆ ಕೆತ್ತಿದ ಸಾವಿನ ದಿನಾಂಕಗಳನ್ನೆಲ್ಲ ಎಣಿಸಿ 1996ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅಲ್ಲೂ ಬೇಸಿಗೆಯ ಕೊನೆಯ ತಿಂಗಳುಗಳಲ್ಲಿ ಸಾವಿನ ಸಂಖ್ಯೆ ಥಟ್ಟನೆ ಮೇಲೇರುತ್ತದೆ. ಕಲ್ಲಿನ ಮೇಲೆ ಕೊರೆದ ಡೇಟಾಬೇಸು ಅನ್ನಬಹುದು.

ಕಾಲ ಆರಿಸುವುದರಲ್ಲಿ ಎಡವಿ ದೊಡ್ಡ ಬೆಲೆ ತೆತ್ತವನು ಜರ್ಮನಿಯ ಚಕ್ರವರ್ತಿ ಫ್ರೆಡರಿಕ್ ಬಾರ್ಬರೊಸ್ಸಾ. 1167ರ ನಡುಬೇಸಿಗೆಯಲ್ಲಿ ದೊಡ್ಡ ಸೈನ್ಯದೊಂದಿಗೆ ರೋಮಿಗೆ ನುಗ್ಗಿ ಗೆದ್ದ. ಗೆದ್ದ ಕೆಲವೇ ದಿನಗಳಲ್ಲಿ ಪಾಳೆಯದೊಳಗೆ ರೋಗ ಹಬ್ಬಿ ಸಾವಿರಾರು ಸೈನಿಕರು ಸತ್ತರು. ಅವನ ಬಲಗೈಯಂತಿದ್ದ ಆರ್ಚ್‌ಬಿಷಪ್ ರೈನಾಲ್ಡ್ ಆಗಸ್ಟ್ 14ರಂದು ತೀರಿಕೊಂಡ. ಉಳಿದವರನ್ನು ಕಟ್ಟಿಕೊಂಡು ಚಕ್ರವರ್ತಿ ಆಲ್ಪ್ಸ್ ಕಡೆಗೆ ಓಡಬೇಕಾಯಿತು. ರೋಮಿನ ಕೋಟೆಗೋಡೆ ಮಾಡಲಾಗದ್ದನ್ನು ರೋಮಿನ ಬೇಸಿಗೆ ಮಾಡಿತು.

ಊರಿನ ಒಡೆಯರಿಗೂ ವಿನಾಯಿತಿ ಇರಲಿಲ್ಲ. 1590ರ ಆಗಸ್ಟ್ 27ರಂದು ಪೋಪ್ ಐದನೆಯ ಸಿಕ್ಸ್ಟಸ್ ಮಲೇರಿಯಾದಿಂದ ಸತ್ತರು. ಹೊಸ ಪೋಪ್ ಆಗಿ ಏಳನೆಯ ಅರ್ಬನ್ ಆಯ್ಕೆಯಾದದ್ದು ಸೆಪ್ಟೆಂಬರ್ 15ಕ್ಕೆ. ಅವರೂ ಅದೇ ಜ್ವರಕ್ಕೆ ತುತ್ತಾಗಿ ಸೆಪ್ಟೆಂಬರ್ 27ಕ್ಕೆ ತೀರಿಕೊಂಡರು. ಪೋಪ್‌ಗಳ ಇತಿಹಾಸದಲ್ಲೇ ಅತಿ ಚಿಕ್ಕ ಆಳ್ವಿಕೆ ಇದು. 1623ರಲ್ಲಿ ಚುನಾವಣೆ ಮತ್ತೆ ಜುಲೈ-ಆಗಸ್ಟಿನಲ್ಲೇ ಬಂತು. ಒಳಗೆ ಕೂಡಿಹಾಕಿದ್ದ ಕಾರ್ಡಿನಲ್‌ಗಳು ಒಬ್ಬೊಬ್ಬರಾಗಿ ಜ್ವರದಿಂದ ಮಲಗಿದರು, ಹಲವರು ಏಳಲೇ ಇಲ್ಲ. ಗೆದ್ದ ಎಂಟನೆಯ ಅರ್ಬನ್ ಕೂಡ ಹಾಸಿಗೆ ಹಿಡಿದು, ಪಟ್ಟಾಭಿಷೇಕ ಸೆಪ್ಟೆಂಬರ್ 29ಕ್ಕೆ ಮುಂದೆ ಹೋಯಿತು. ಪೋಪ್‌ಗಳು ವ್ಯಾಟಿಕನ್ ತಗ್ಗು ಬಿಟ್ಟು ಕ್ವಿರಿನಾಲ್ ಗುಡ್ಡದ ಮೇಲೆ ಬೇಸಿಗೆ ಅರಮನೆ ಕಟ್ಟಿಸಿದ್ದು, ಆಮೇಲೆ ಕಾಸ್ಟೆಲ್ ಗಂಡೋಲ್ಫೋಗೆ ಹೋಗಲು ಶುರುಮಾಡಿದ್ದು ಬರೀ ತಂಗಾಳಿಯ ಆಸೆಗಲ್ಲ.

ಹಾಗಾದರೆ ಹೊರಗಿನಿಂದ ಬರುವ ಪ್ರವಾಸಿಗರು ಏನು ಮಾಡುತ್ತಿದ್ದರು? ಅವರಿಗೊಂದು ಪಕ್ಕಾ ವೇಳಾಪಟ್ಟಿ ಇತ್ತು. 18ನೇ ಶತಮಾನದಲ್ಲಿ ಇಂಗ್ಲೆಂಡ್, ಜರ್ಮನಿಯ ಶ್ರೀಮಂತ ಹುಡುಗರು ಓದು ಮುಗಿಸಿ 'ಗ್ರ್ಯಾಂಡ್ ಟೂರ್' ಹೊರಡುತ್ತಿದ್ದರಲ್ಲ, ಅವರು ಮಳೆ ಬಿದ್ದು ಗಾಳಿ ತಣ್ಣಗಾದ ಮೇಲೆ, ಅಂದರೆ ಅಕ್ಟೋಬರ್ ಕೊನೆ-ನವೆಂಬರಿಗೆ ರೋಮ್ ಸೇರುತ್ತಿದ್ದರು. ಗಯಟೆ ಮೊದಲ ಸಲ ಬಂದದ್ದು 1786ರ ಅಕ್ಟೋಬರ್ ಕೊನೆಗೆ. ಕ್ರಿಸ್ಮಸ್ ಅಲ್ಲಿ, ಫೆಬ್ರವರಿ ಹೊತ್ತಿಗೆ ಕಾರ್ನಿವಲ್, ಆಮೇಲೆ ನೇಪಲ್ಸ್ ಕಡೆ ಒಂದು ಸುತ್ತು, ಈಸ್ಟರಿಗೆ ಮತ್ತೆ ರೋಮ್. 1770ರ ಈಸ್ಟರಿನ ಪವಿತ್ರ ವಾರದಲ್ಲಿ 14 ವರ್ಷದ ಮೊಜಾರ್ಟ್ ಸಿಸ್ಟೈನ್ ಚಾಪೆಲ್‌ನಲ್ಲಿ ಅಲ್ಲೆಗ್ರಿಯ 'ಮಿಸೆರೆರೆ' ಕೇಳಿ, ಬಿಡಾರಕ್ಕೆ ಬಂದು ನೆನಪಿನಿಂದಲೇ ಬರೆದಿಟ್ಟದ್ದು ಇದೇ ಸೀಸನ್ನಿನಲ್ಲಿ. ಮೇ ಕಳೆಯುತ್ತಲೇ ಗಂಟುಮೂಟೆ ಕಟ್ಟಿ ಉತ್ತರಕ್ಕೆ. ರೋಮಿನ 'ಸೀಸನ್' ಅಂದರೆ ಚಳಿಗಾಲ!

ಚಳಿಗಾಲ ಪೂರ್ತಿ ಕ್ಷೇಮ ಅಂತಲೂ ಅಲ್ಲ. ಆಗ ಟೈಬರ್ ನದಿ ಉಕ್ಕುತ್ತಿತ್ತು. 1598ರ ಕ್ರಿಸ್ಮಸ್ ಹಿಂದಿನ ದಿನದ ಪ್ರವಾಹ ಎಲ್ಲಕ್ಕಿಂತ ದೊಡ್ಡದು. ಅವತ್ತು ಅರ್ಧ ಕೊಚ್ಚಿಹೋದ ಸೇತುವೆಯನ್ನು ಈಗಲೂ 'ಪೊಂಟೆ ರೊಟ್ಟೊ', ಮುರುಕು ಸೇತುವೆ ಅಂತಲೇ ಕರೆಯುತ್ತಾರೆ. 1870ರ ಡಿಸೆಂಬರಿನಲ್ಲಿ ಊರು ಮತ್ತೆ ಮುಳುಗಿದ ಮೇಲೆ, 1876ರಿಂದ ನದಿಯ ಎರಡೂ ದಡಕ್ಕೆ ಈಗ ಕಾಣುವ ಎತ್ತರದ ಗೋಡೆಗಳನ್ನು ಕಟ್ಟಿದರು. ಆದರೂ ನೀರಿಗಿಂತ ಜ್ವರಕ್ಕೆ ಜನ ಹೆಚ್ಚು ಹೆದರುತ್ತಿದ್ದರು. ಅಮೆರಿಕದ ಕಾದಂಬರಿಕಾರ ಹಾಥಾರ್ನ್‌ನ ಮಗಳು ಊನಾ 1858ರಲ್ಲಿ ರೋಮಿನಲ್ಲಿ ಈ ಜ್ವರ ಹತ್ತಿ ಸಾಯುವ ಸ್ಥಿತಿ ತಲುಪಿ ಉಳಿದಳು. ಹೆನ್ರಿ ಜೇಮ್ಸ್ 1878ರಲ್ಲಿ ಬರೆದ 'ಡೇಸಿ ಮಿಲ್ಲರ್' ಕಥೆಯ ನಾಯಕಿ ರಾತ್ರಿ ಬೆಳದಿಂಗಳಲ್ಲಿ ಕೊಲೋಸಿಯಂ ನೋಡಲು ಹೋಗಿ, ಜ್ವರ ಹಿಡಿದು ಸಾಯುತ್ತಾಳೆ. ಓದುಗರಿಗೆ ಅದು ವಿಚಿತ್ರ ಅನ್ನಿಸಲಿಲ್ಲ. ಸಂಜೆಯಾದ ಮೇಲೆ ಹೊರಗೆ ಹೋಗಬೇಡಿ, ಕಿಟಕಿ ಮುಚ್ಚಿ ಮಲಗಿ ಅನ್ನುವುದು ಎಲ್ಲರಿಗೂ ಗೊತ್ತಿದ್ದ ಬುದ್ಧಿಮಾತು. ತಮಾಷೆ ನೋಡಿ, ಥಿಯರಿ ತಪ್ಪು (ಕೆಟ್ಟ ಗಾಳಿ), ಆದರೆ ಉಪಾಯ ಸರಿ. ಆ ಸೊಳ್ಳೆ ಕಚ್ಚುವುದು ರಾತ್ರಿಯೇ. ಯಾಕೆ ಕೆಲಸ ಮಾಡ್ತಿದೆ ಗೊತ್ತಿಲ್ಲ, ಆದರೆ ಮುಟ್ಟಬೇಡಿ ಅಂತ ಬಿಟ್ಟಿರುವ ಹಳೇ ಕೋಡ್ ಇದ್ದ ಹಾಗೆ.

ಇಲ್ಲಿಯವರೆಗೆ ಬಂದವರೆಲ್ಲ ಕವಿಗಳು, ಪೋಪ್‌ಗಳು, ರಾಜರು, ಪ್ರವಾಸಿಗರು. ಹೆಚ್ಚಿನವರಿಗೆ ಊರು ಬಿಟ್ಟು ಹೋಗುವ ಅನುಕೂಲ ಇತ್ತು. ನನಗೆ ಈ ಕಥೆಯಲ್ಲಿ ಮರೆಯಲಾಗದವರು ಬೇರೆ. ಕಂಪಾನ್ಯಾ ಬಯಲಿನ ದೊಡ್ಡ ದೊಡ್ಡ ಜಮೀನಿನ ಒಡೆಯರು ರೋಮಿನಲ್ಲಿ ಇರುತ್ತಿದ್ದರು. ಗೋಧಿ ಕೊಯ್ಲಿಗೆ ಬರುವುದೇ ಜೂನ್-ಜುಲೈನಲ್ಲಿ. ಆಗ ಅಬ್ರುಟ್ಸೊ ಬೆಟ್ಟಗಳಿಂದ ಬಡ ಕೂಲಿಗಳು ಮೇಸ್ತ್ರಿಗಳ ಹಿಂದೆ ಗುಂಪುಗುಂಪಾಗಿ ಇಳಿದು ಬರುತ್ತಿದ್ದರು. ಊರಿನವರು ಬೆಟ್ಟಕ್ಕೆ ಹೋಗುವ ಕಾಲದಲ್ಲಿ ಬೆಟ್ಟದವರು ಬಯಲಿಗೆ! ಹಗಲೆಲ್ಲ ಕೊಯ್ಲು, ರಾತ್ರಿ ಬಯಲಲ್ಲೇ ನಿದ್ದೆ. ಮುಚ್ಚಿಕೊಳ್ಳಲು ಕಿಟಕಿಯೇ ಇಲ್ಲ. ಜ್ವರ ಬಂದವರನ್ನು ರೋಮಿನ ಸಾಂತೊ ಸ್ಪಿರಿತೊ ಆಸ್ಪತ್ರೆಗೆ ತಂದು ಹಾಕುತ್ತಿದ್ದರು, ಬೇಸಿಗೆಯಲ್ಲಿ ಅದು ತುಂಬಿ ತುಳುಕುತ್ತಿತ್ತು. ಪೆರುವಿನಿಂದ ಬಂದ ಸಿಂಕೋನಾ ತೊಗಟೆಯನ್ನು 1640ರ ದಶಕದಲ್ಲಿ ಕಾರ್ಡಿನಲ್ ಹುವಾನ್ ದೆ ಲೂಗೊ ರೋಮಿನ ಬಡರೋಗಿಗಳಿಗೆ ಕೊಡಿಸಿದ್ದರು ನಿಜ. ಆದರೆ ಮದ್ದು ದುಬಾರಿ, ಬಯಲಿನ ತುದಿಯವರೆಗೆ ಅದು ತಲುಪುತ್ತಿರಲಿಲ್ಲ. ಅವರಿಗೆ 'ಒಳ್ಳೆಯ ಕಾಲ' ಆರಿಸುವ ಪ್ರಶ್ನೆಯೇ ಇರಲಿಲ್ಲ.

ಈಗ ಕಥೆ ಸ್ವಲ್ಪ ಬೆಂಗಳೂರಿಗೆ ಬರುತ್ತದೆ. 1883ರಲ್ಲಿ ರೊನಾಲ್ಡ್ ರಾಸ್ ಎಂಬ ಯುವ ಮಿಲಿಟರಿ ಡಾಕ್ಟರ್ ಬೆಂಗಳೂರಿನ ದಂಡಿನಲ್ಲಿದ್ದ. ತಾನಿದ್ದ ಬಂಗಲೆಯಲ್ಲಿ ಸೊಳ್ಳೆ ಕಾಟ. ನೀರು ನಿಲ್ಲದಂತೆ ನೋಡಿಕೊಂಡರೆ ಸೊಳ್ಳೆಯೂ ಕಮ್ಮಿಯಾಗುತ್ತದೆ ಅನ್ನುವುದು ಅವನಿಗೆ ಹೊಳೆದದ್ದು ಅಲ್ಲಿ. ಅವತ್ತಿಗೆ ಅದು ಬರೀ ರಾತ್ರಿ ನಿದ್ದೆಯ ಪ್ರಶ್ನೆ. ಮಲೇರಿಯಾಕ್ಕೂ ಸೊಳ್ಳೆಗೂ ಸಂಬಂಧ ಇರಬಹುದು ಅಂತ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಅವನ ತಲೆಗೆ ಹುಳ ಬಿಟ್ಟದ್ದು 1894ರಲ್ಲಿ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ಹುಸೇನ್ ಖಾನ್ ಎಂಬ ರೋಗಿಯನ್ನು ಕಚ್ಚಿದ ಸೊಳ್ಳೆಯ ಹೊಟ್ಟೆಯಲ್ಲಿ ರಾಸ್ ಪರೋಪಜೀವಿಯನ್ನು ಕಂಡುಹಿಡಿದ. ಒಂದು ಸೊಳ್ಳೆಯಿಂದ ಕಚ್ಚಿಸಿಕೊಂಡರೆ ಒಂದಾಣೆ, ಇದು ಖಾನ್‌ಗೆ ಕೊಟ್ಟ ರೇಟು.

ಮರುವರ್ಷ, 1898ರಲ್ಲಿ, ರೋಮಿನಲ್ಲೇ ಗ್ರಾಸ್ಸಿ, ಬಿನ್ಯಾಮಿ, ಬಾಸ್ಟಿಯಾನೆಲ್ಲಿ ಎಂಬ ಮೂವರು ಮನುಷ್ಯನಿಗೆ ಮಲೇರಿಯಾ ಹರಡುವುದು ಅನಾಫಿಲಿಸ್ ಸೊಳ್ಳೆ ಅಂತ ಸಾಂತೊ ಸ್ಪಿರಿತೊ ಆಸ್ಪತ್ರೆಯಲ್ಲಿ ತೋರಿಸಿಕೊಟ್ಟರು. ಇದರ ಶ್ರೇಯಸ್ಸು ಯಾರಿಗೆ ಅಂತ ರಾಸ್-ಗ್ರಾಸ್ಸಿ ಜಗಳ ದೊಡ್ಡದಾಯಿತು. 1902ರ ನೊಬೆಲ್ ರಾಸ್ ಒಬ್ಬನಿಗೇ ಹೋಯಿತು. ನೊಬೆಲ್ ಕಥೆ ಇನ್ನೊಂದು ದಿನಕ್ಕಿರಲಿ. ನನಗೆ ಇಷ್ಟವಾದದ್ದು 1900ರ ಪ್ರಯೋಗ. ಸಾಂಬೊನ್ ಮತ್ತು ಲೋ ಎಂಬ ಇಬ್ಬರು ವೈದ್ಯರು ರೋಮ್ ಪಕ್ಕದ ಓಸ್ತಿಯಾದಲ್ಲಿ, ಜ್ವರದ ತವರುಮನೆಯಲ್ಲೇ, ಸೊಳ್ಳೆ ಬರದಂತೆ ಜಾಲರಿ ಹಾಕಿದ ಮರದ ಗುಡಿಸಲು ಕಟ್ಟಿ ಜುಲೈಯಿಂದ ಅಕ್ಟೋಬರ್ ತನಕ ವಾಸ ಮಾಡಿದರು. ಹಗಲು ಎಲ್ಲರಂತೆ ಓಡಾಟ, ಸಂಜೆ ಸೂರ್ಯ ಮುಳುಗುವ ಮೊದಲು ಒಳಗೆ. ಅದೇ 'ಕೆಟ್ಟ ಗಾಳಿ'ಯನ್ನೇ ಉಸಿರಾಡಿದರು. ಯಾರಿಗೂ ಜ್ವರ ಬರಲಿಲ್ಲ! ಇನ್ನೊಂದು ಕಡೆ, ರೋಮಿನಿಂದ ಕಳಿಸಿದ ಸೋಂಕಿತ ಸೊಳ್ಳೆಗಳು ಲಂಡನ್ನಿನಲ್ಲಿ ಮ್ಯಾನ್ಸನ್‌ನ ಮಗನನ್ನು ಕಚ್ಚಿದವು. ಮಲೇರಿಯಾ ಇಲ್ಲದ ಊರಲ್ಲಿ ಅವನಿಗೆ ಮಲೇರಿಯಾ ಬಂತು. 'ಕೆಟ್ಟ ಗಾಳಿ'ಯ ಕೇಸು ಅಲ್ಲಿಗೆ ಮುಗಿಯಿತು.

ಆದರೆ ಗೊತ್ತಾದ ತಕ್ಷಣ ಕಾಯಿಲೆ ಓಡಿಹೋಗಲಿಲ್ಲ. ವೈದ್ಯರೂ ಸಂಸದರೂ ಆಗಿದ್ದ ಆಂಜೆಲೊ ಚೆಲ್ಲಿಯಂಥವರು ಹಟ ಹಿಡಿದು, 1900ರಲ್ಲಿ ಸರ್ಕಾರವೇ ಕ್ವಿನೈನ್ ತಯಾರಿಸಿ ಮಾರುವ ಕಾನೂನು ತಂದರು. ಉಪ್ಪು-ತಂಬಾಕು ಮಾರುವ ಅಂಗಡಿಯಲ್ಲೇ ಅಗ್ಗಕ್ಕೆ ಕ್ವಿನೈನ್. 1904ರ ನಂತರ ಕೂಲಿಕಾರರಿಗೆ ಪುಕ್ಕಟೆ. ಅವರ ಹೆಂಡತಿ ಆನ್ನಾ ಸೇರಿದಂತೆ ಹಲವರು ಕಂಪಾನ್ಯಾದ ಗುಡಿಸಲುಗಳಲ್ಲಿ ಕೂಲಿಕಾರರಿಗೆ ಶಾಲೆಗಳನ್ನೂ ನಡೆಸಿದರು. ಪೊಂಟೈನ್ ಜೌಗನ್ನು 1930ರ ದಶಕದಲ್ಲಿ ಬತ್ತಿಸಿದರು, ಯುದ್ಧಕಾಲದಲ್ಲಿ ಜರ್ಮನ್ ಸೈನ್ಯ ಅದಕ್ಕೆ ಮತ್ತೆ ನೀರು ತುಂಬಿಸಿತು, ಯುದ್ಧ ಮುಗಿದ ಮೇಲೆ ಡಿಡಿಟಿ ಬಂತು. ಕೊನೆಗೆ 1970ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಟಲಿಯನ್ನು ಮಲೇರಿಯಾಮುಕ್ತ ಅಂತ ಘೋಷಿಸಿತು. ಅಂದರೆ ಜುಲೈ-ಆಗಸ್ಟಿನಲ್ಲಿ ಟೋಪಿ ಹಾಕಿಕೊಂಡು ಕೊಲೋಸಿಯಂ ಮುಂದೆ ಸಾಲು ನಿಲ್ಲುವ ಲಕ್ಷಾಂತರ ಜನರ ರಜೆಯ ಹಿಂದೆ ಇಷ್ಟೆಲ್ಲ ಇದೆ.

ಈಗ ಬೇಸಿಗೆ ಇನ್ನೊಂದು ರೂಪದಲ್ಲಿ ಹೆದರಿಸತೊಡಗಿದೆ. 2023ರ ಜುಲೈನಲ್ಲಿ ರೋಮಿನ ತಾಪಮಾನ 40 ಡಿಗ್ರಿ ದಾಟಿತು. 2025ರ ಬೇಸಿಗೆಯಲ್ಲಿ ರೋಮ್ ಇರುವ ಲಾಟ್ಸಿಯೊ ಪ್ರಾಂತ್ಯ, ತೀವ್ರ ಬಿಸಿಲಿನ ದಿನಗಳಲ್ಲಿ ಮಧ್ಯಾಹ್ನ 12.30ರಿಂದ 4ರವರೆಗೆ ಹೊಲ, ಕಟ್ಟಡಗಳ ಕೆಲಸ ಮಾಡಿಸಬಾರದು ಅಂತ ಆಜ್ಞೆ ಹೊರಡಿಸಿತು. ಆ ವರ್ಷ ಜುಲೈನಲ್ಲಿ ಪೋಪ್ ಹದಿನಾಲ್ಕನೆಯ ಲಿಯೋ ಮತ್ತೆ ಕಾಸ್ಟೆಲ್ ಗಂಡೋಲ್ಫೋಗೆ ಹೋದರು. ಹೋಗಬಲ್ಲವರು ಹೋಗುತ್ತಾರೆ, ಹೊಲದಲ್ಲಿರುವವರು ಅಲ್ಲೇ ಇರುತ್ತಾರೆ. ಈ ಸಲ ಕೂಲಿಕಾರರ ಹೆಸರಲ್ಲಿ ಒಂದು ಆಜ್ಞೆಯಾದರೂ ಬಂತು ಅನ್ನುವುದಷ್ಟೇ ವ್ಯತ್ಯಾಸ. ಸಣ್ಣ ವ್ಯತ್ಯಾಸವೇನಲ್ಲ ಅದು.

ಅಂತೂ ಮೊದಲಿನ ಪ್ರಶ್ನೆಗೆ ಉತ್ತರ ಕೊಡಲೇಬೇಕಲ್ಲ :-) ಹವಾ ಚೆನ್ನಾಗಿರಬೇಕು ಅಂದರೆ ಏಪ್ರಿಲ್ ಕೊನೆ-ಮೇ, ಇಲ್ಲಾ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ. ಅಕ್ಟೋಬರಿನ ಹೊಂಬಿಸಿಲಿಗೆ ರೋಮಿನವರು 'ಒತ್ತೊಬ್ರಾತಾ' ಅಂತ ಪ್ರೀತಿಯ ಹೆಸರಿಟ್ಟಿದ್ದಾರೆ. ಹಿಂದೆ ಆ ತಿಂಗಳು ದ್ರಾಕ್ಷಿತೋಟಗಳಿಗೆ ಹೋಗಿ ಹಾಡಿ ಕುಣಿಯುವ ಪದ್ಧತಿ ಇತ್ತು. ಜ್ವರದ ಕಾಲ ಕಳೆಯುತ್ತಾ ಬಂತು ಅನ್ನುವ ಸಮಾಧಾನವೂ ಆ ಖುಷಿಯಲ್ಲಿ ಸೇರಿತ್ತೇನೋ. ಜನಜಂಗುಳಿ ಬೇಡ, ಛತ್ರಿ ಹಿಡಿದು ಓಡಾಡುವುದಕ್ಕೆ ಬೇಜಾರಿಲ್ಲ ಅನ್ನುವವರಿಗೆ ನವೆಂಬರ್ ಕೂಡ ಚೆನ್ನ. ಗಯಟೆ, ಕೀಟ್ಸ್ ಎಲ್ಲ ಕಂಡ ರೋಮ್ ಅದೇ.

ಯಾವ ಕಾಲಕ್ಕೆ ಹೋದರೂ ಸೇಂಟ್ ಪೀಟರ್ಸ್ ಚರ್ಚಿನಿಂದ ನದಿಯ ಕಡೆ ನಾಲ್ಕು ಹೆಜ್ಜೆ ಹಾಕಿ, ಸಾಂತೊ ಸ್ಪಿರಿತೊ ಆಸ್ಪತ್ರೆಯ ಹಳೆಯ ಕಟ್ಟಡವನ್ನು ಹೊರಗಿನಿಂದಾದರೂ ನೋಡಿ ಬನ್ನಿ. ಅಬ್ರುಟ್ಸೊದ ಕೂಲಿಗಳು ಬಂದು ಮಲಗಿದ್ದು ಅಲ್ಲೇ, ಅವರನ್ನು ಮಲಗಿಸಿದ ಸೊಳ್ಳೆ ಸಿಕ್ಕಿಬಿದ್ದದ್ದೂ ಅಲ್ಲೇ.